ಹುಲಿ ಸಾಯಲು ಒಪ್ಪದ ದಿನ

ಕಥೆ ಮುಗಿದ ಮೇಲೆ ಎರಡನೇ ತರಗತಿಯ ಮಕ್ಕಳು ‘ಚೆನ್ನಾಗಿತ್ತು ಮಿಸ್’ ಎಂದು ಸುಮ್ಮನಾಗುತ್ತಾರೆ, ಚಿತ್ರ ಬರೆಸಲೇ ನಾಟಕ ಆಡಿಸಲೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನು ನಾಟಕವೆಂದು ತೀರ್ಮಾನಿಸಿ ‘ಗೋವಿನ ಹಾಡ’ನ್ನು ಎತ್ತಿಕೊಂಡೆ.

ಮಾತು ಬರೆದು ಬಾಯಿಪಾಠ ಮಾಡಿಸಿದೆ. ರಟ್ಟಿನ ಮುಖವಾಡಗಳನ್ನು ನಾನೇ ಕತ್ತರಿಸಿ ಬಣ್ಣ ಹಚ್ಚಿದೆ. ಅಭ್ಯಾಸದ ಮೂರನೆಯ ದಿನ, ಪುಣ್ಯಕೋಟಿ ಮರಳಿ ಬಂದು ಎದುರು ನಿಂತಾಗ, ಹುಲಿಯಾಗಿದ್ದ ಹುಡುಗ ಹಾರಿ ಪ್ರಾಣ ಬಿಡಬೇಕಿತ್ತು. ಅವನು ಮುಖವಾಡವನ್ನು ಹಣೆಯ ಮೇಲಕ್ಕೆ ಸರಿಸಿ, ‘ನಾನ್ಯಾಕೆ ಸಾಯ್ಬೇಕು ಮಿಸ್? ಹಸಿವಾಗಿತ್ತು, ಅಷ್ಟೇ ಅಲ್ವಾ?’ ಎಂದ. ‘ಹಾಡಿನಲ್ಲಿ ಹಾಗೇ ಇದೆ, ಹಾರು’ ಎಂದೆ. ಹಾರಿದ, ಬಿದ್ದ, ವಾರ್ಷಿಕೋತ್ಸವದಲ್ಲಿ ಚಪ್ಪಾಳೆಯೂ ಬಂತು.

ಸಮಯವಿರಲಿಲ್ಲವೆಂದು ಬಹಳ ದಿನ ಸಮಾಧಾನ ಹೇಳಿಕೊಂಡೆ. ಸಮಯ ಬೇಕಾದಷ್ಟಿತ್ತು. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಇಡೀ ತರಗತಿಯ ಮುಂದೆ ಹಾಗೆಯೇ ಬಿಡುವ ಧೈರ್ಯವೂ ಇರಲಿಲ್ಲ. ಏಳು ವರ್ಷದ ಮಗು ಹುಲಿಯ ಹೊಟ್ಟೆಯೊಳಗೆ ಕುಳಿತು ಕೇಳಿದ್ದನ್ನು ನಾನು ಅಶಿಸ್ತು ಎಂದು ಎಣಿಸಿದೆ. ನೀವು ಈಗ ಹುಡುಕುತ್ತಿರುವ ಪ್ರತಿಕ್ರಿಯೆ ಅದೇ ಆಗಿತ್ತು. ಆ ವರ್ಷ ಉಳಿದಷ್ಟು ದಿನವೂ ಆ ಮಕ್ಕಳು ಕಥೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡಿ ಉತ್ತರ ಹೇಳಿದರು.

ಆದ್ದರಿಂದ ಚಿತ್ರವೋ ನಾಟಕವೋ ಎಂಬ ನಿಮ್ಮ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಹಸು ಎರಡನೆಯ ಬಾರಿ ಕಾಡಿನತ್ತ ಹೊರಟಲ್ಲಿಗೆ ಕಥೆ ನಿಲ್ಲಿಸಿ, ಹುಲಿ ಕಾಯುತ್ತಿರುವ ಜಾಗವನ್ನು ಗೋಡೆಯ ತಳದ ಹಲಗೆಯಲ್ಲಿ ಬರೆಯಲು ಹೇಳಿ. (1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ, ಚಟುವಟಿಕೆಗಳ ಮೂಲಕ ಕಲಿಸುವ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮಕ್ಕಳ ಕೈಗೆಟುಕುವ ಆ ಹಲಗೆ.) ಮಾದರಿ ಬರೆದುಕೊಡಬೇಡಿ, ಕೊಟ್ಟರೆ ಮೂವತ್ತು ಮಕ್ಕಳದೂ ಒಂದೇ ಹುಲಿ. ಕಳೆದ ವರ್ಷ ಒಬ್ಬಳು ಗುಹೆಯ ಮುಂದೆ ಖಾಲಿ ತಟ್ಟೆ ಬರೆದು, ಹುಲಿಗೆ ಬಡಿಸುವವರಿಲ್ಲ ಎಂದಳು.

ಆಮೇಲೆ ನೀವೇ ಹೆಗಲಿಗೊಂದು ಟವೆಲ್ ಹಾಕಿಕೊಂಡು ಗೊಲ್ಲನಾಗಿ, ‘ನನ್ನ ಹಸು ಎಲ್ಲಿ ಹೋಯಿತು, ಕಂಡಿರಾ?’ ಎಂದು ಕೇಳಿ. ಶಿಕ್ಷಕರೇ ಪಾತ್ರವಾಗಿ ಕಥೆಯೊಳಗೆ ಇಳಿಯುವ ಈ ಬಗೆಯನ್ನು ಬ್ರಿಟನ್ನಿನ ನಾಟಕ ಶಿಕ್ಷಕಿ ಡೊರೊತಿ ಹೀತ್‌ಕೋಟ್ ದಶಕಗಳ ಕಾಲ ತರಗತಿಗಳಲ್ಲಿ ಬೆಳೆಸಿದರು. ಏನೂ ಗೊತ್ತಿಲ್ಲದ ಗೊಲ್ಲನಿಗೆ ವಿವರಿಸಲು, ಟೀಚರಿಗೆ ಬಾಯಿಬಿಡದ ಮಗುವೂ ಎದ್ದು ಬರುತ್ತದೆ. ಹುಲಿಯ ಪರವಾಗಿ ಯಾರಾದರೂ ಜಗಳಕ್ಕೆ ನಿಂತರೆ ನೀತಿ ಹೇಳಲು ಹೋಗದೆ ಅರ್ಧ ಗಂಟೆ ಬಿಟ್ಟುಬಿಡಿ.

ವಾರ್ಷಿಕೋತ್ಸವಕ್ಕೆ ಕೋಲಾಟ ಸಾಕು.