ಮೂವರೇ ಬಂದರೆ ಪಾಠ ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮ ಸಭೆಯ ಸಂಡೇ ಸ್ಕೂಲಿಗೆ ಮೊದಲು ತುಂಬಾ ಮಕ್ಕಳು ಬರುತ್ತಿದ್ದರು. ಈಗ ಮೂವರೇ. ಸುಮ್ನೆ ನಡೆಸುತ್ತಿದ್ದೇನಾ ಅನ್ನಿಸುತ್ತದೆ. ಬಿಟ್ಟುಬಿಡಲಾ?
– ಓದುಗಿ, ಹಾಸನ

ಉತ್ತರ: ಬಿಡಬೇಡಿ ತಂಗಿ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಮತ್ತೊಮ್ಮೆ ಓದಿ. ಅಲ್ಲಿ ಯಜಮಾನ ಪ್ರಯಾಣ ಹೊರಡುವಾಗ ಆಳುಗಳಿಗೆ ತನ್ನ ಹಣ ಒಪ್ಪಿಸಿ ಹೋಗುತ್ತಾನೆ; ತಲಾಂತು ಅಂದರೆ ಆ ಕಾಲದ ದೊಡ್ಡ ಮೊತ್ತ. ಐದು ತಲಾಂತು ಪಡೆದು ದುಡಿಸಿದವನಿಗೂ ಎರಡು ಪಡೆದವನಿಗೂ ಯಜಮಾನ ಹೇಳಿದ್ದು ಒಂದೇ ಮಾತು. ಲಾಭ ಹೋಲಿಸಲಿಲ್ಲ, ನಂಬಿಗಸ್ತಿಕೆಯನ್ನು ಮೆಚ್ಚಿದ. ಆ ಎರಡು ತಲಾಂತಿನವನ ಮೇಲೆ ನನಗೆ ಪ್ರೀತಿ ಜಾಸ್ತಿ.

ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು 1793ರಲ್ಲಿ. ಅಲ್ಲಿ ಅವರ ಪುಟ್ಟ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಕದಡಿಹೋಯಿತು. ಅವರ ಸೇವೆಯ ಮೊದಲ ಫಲವಾಗಿ ಕೃಷ್ಣ ಪಾಲ್ ಎಂಬ ಬಡಗಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರಿನಲ್ಲಿ. ಏಳು ವರ್ಷಕ್ಕೆ ಒಬ್ಬ! 1812ರಲ್ಲಿ ಬಂಗಾಳದ ಸೆರಾಂಪುರದಲ್ಲಿದ್ದ ಅವರ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಅಚ್ಚುಮೊಳೆ, ಕಾಗದ, ಬೈಬಲ್ ಅನುವಾದದ ಹಸ್ತಪ್ರತಿಗಳು ಹಾಳಾದವು. ಕೇರಿ ಮತ್ತೆ ಬರೆಯಲು ಕುಳಿತರು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹಾಗಂತ ಒಬ್ಬರೇ ಸವೆಯಬೇಕಿಲ್ಲ. ಸಭೆಯ ಯುವಕರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಬಾರದ ಮಕ್ಕಳ ಮನೆಗೆ ಹೋಗಿ ಕಾರಣ ಕೇಳಿ. ಭಾನುವಾರ ಬೆಳಗ್ಗೆ ಟ್ಯೂಷನ್ ಇರಬಹುದು, ಅಲ್ವಾ? ಹಾಗಿದ್ದರೆ ಪಾಠವನ್ನು ಸಂಜೆಗೆ ಇಟ್ಟುಕೊಳ್ಳಿ.