ಸಣ್ಣ ಆಫೀಸಿನ ಸರ್ವರ್‌ಗೆ ಯಾವ ಮಾನಿಟರಿಂಗ್ ಟೂಲ್ ಹಾಕೋದು?

ಕಾರವಾರದ ಆಫೀಸಲ್ಲಿ ಎರಡು ವಿಂಡೋಸ್ ಸರ್ವರ್, ದಿನಾ ಇವೆಂಟ್ ವ್ಯೂವರಲ್ಲಿ (ವಿಂಡೋಸ್ ತನ್ನ ಆಗುಹೋಗು ಬರ್ಕೊಳ್ಳೋ ಲಾಗ್ ತೋರಿಸೋದು) ಕ್ರಿಟಿಕಲ್, ಎರರ್ ಮಾತ್ರ ಫಿಲ್ಟರ್ ಹಾಕಿ ನೋಡ್ತೀನಿ, ಇದಕ್ಕಿಂತ ಒಳ್ಳೆ ಫ್ರೀ ಟೂಲ್ ಯಾವ್ದು ಅಂತ ಕೇಳಿದೀರಿ. ಶಿರಸಿಯ ಒಂದು ಅಡಿಕೆ ಸೊಸೈಟಿಯಲ್ಲಿ ನಾನೂ ಹೀಗೇ ನೋಡ್ತಿದ್ದೆ.

ಚಾಲಿ (ಒಣಗಿಸಿ ಸುಲಿದ ಅಡಿಕೆ) ವ್ಯಾಪಾರ ಜೋರಿದ್ದ ಟೈಮು, ಮಳೆ ಹಿಡಿಯೋ ಮೊದಲಿನ ಗುಡುಗು-ಸಿಡಿಲು, ಕರೆಂಟ್ ಹೋಗ್ತಾ ಬರ್ತಾ ಇರೋದು, ಯುಪಿಎಸ್ ಬ್ಯಾಟರಿ ಹಳೇದಾಗಿತ್ತು. ಹಂಗಾಗಿ ಲಾಗ್ ತೆಗೆದ್ರೆ ಸಾಕು ಕರ್ನಲ್ ಪವರ್ ಅನ್ನೋ ಹೆಸರಲ್ಲಿ ಇವೆಂಟ್ ನಂಬರ್ 41, ಅದರ ಕೆಳಗೆ 6008, ಅಂದ್ರೆ ಸರ್ವರ್ ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಗಿದೆ ಅಂತ. ಕೆಂಪು ಕಂಡಿದ್ದೆಲ್ಲಾ ಕರೆಂಟಿನ ತಲೆಗೆ ಕಟ್ಟಿ ಮುಂದೆ ಹೋಗ್ತಿದ್ದೆ. ಅದೇ ಲಾಗಲ್ಲಿ 129, 153 ಬರ್ತಾ ಇತ್ತು ಮಾರಾಯ್ರೆ. 129 ಅಂದ್ರೆ ಡಿಸ್ಕ್ ಉತ್ತರ ಕೊಡ್ಲಿಲ್ಲ, ರೀಸೆಟ್ ಮಾಡಿದೆ ಅಂತ, 153 ಅಂದ್ರೆ ಓದೋದು-ಬರಿಯೋದು ಮತ್ತೆ ಟ್ರೈ ಮಾಡ್ಬೇಕಾಯ್ತು ಅಂತ. ಇವೆರಡೂ ಎರರ್ ಅಲ್ಲ, ವಾರ್ನಿಂಗ್! ನನ್ನ ಫಿಲ್ಟರ್ ಅವನ್ನ ತೋರಿಸ್ಲೇ ಇಲ್ಲ. ಡಿಸ್ಕ್ ಸಾಯೋ ಲಕ್ಷಣ ಇದೆ ಅಂತ ಹೇಳೋ 52 ಕೂಡ ವಾರ್ನಿಂಗೇ, ಗೊತ್ತಿರ್ಲಿ.

ಇನ್ನೊಂದು, ಇದನ್ನ ಯಾರೂ ಹೇಳಿಕೊಡೋದಿಲ್ಲ. ನಮ್ಮದು ಹಾರ್ಡ್‌ವೇರ್ ರೇಡ್ 5 (ಹಲವು ಡಿಸ್ಕನ್ನ ಒಂದಾಗಿ ಸೇರಿಸಿ, ಒಂದು ಹೋದ್ರೂ ಡೇಟಾ ಉಳಿಸೋ ವ್ಯವಸ್ಥೆ), ವಿಂಡೋಸ್‌ಗೆ ಕಾಣೋದು ಡಿಸ್ಕುಗಳನ್ನ ನೋಡ್ಕೊಳ್ಳೋ ಕಂಟ್ರೋಲರ್ ತೋರಿಸೋ ಒಂದೇ ದೊಡ್ಡ ಡಿಸ್ಕ್, ಒಳಗೆ ಒಂದು ಸತ್ರೂ ಅದರ ಪಾಲಿಗೆ ಎಲ್ಲಾ ಸರಿ ಇದ್ದ ಹಾಗೆ. ಡಿಸ್ಕ್ ಸತ್ತಿದ್ದು ಗೊತ್ತಿರೋದು ಕಂಟ್ರೋಲರ್‌ಗೆ, ಅದನ್ನ ಬರ್ಕೊಳ್ಳೋದು ಸರ್ವರಿನ ಮ್ಯಾನೇಜ್‌ಮೆಂಟ್ ಚಿಪ್ಪಿನ ಲಾಗು, ಆ ಚಿಪ್ಪಿನ ನೆಟ್ವರ್ಕ್ ಪೋರ್ಟಿಗೆ ನಾನು ಕೇಬಲ್ಲೇ ಹಾಕಿರ್ಲಿಲ್ಲ. ರೂಮಿಗೆ ಬೀಗ ಇದ್ದಿದ್ರಿಂದ ಹಳದಿ ಲೈಟೂ ಯಾರಿಗೂ ಕಾಣ್ಲಿಲ್ಲ. ಒಂದು ಸಂಜೆ ಕರೆಂಟ್ ಹೋಗಿ ಬಂತು, ಇನ್ನೊಂದು ಡಿಸ್ಕ್ ತಿರುಗ್ಲೇ ಇಲ್ಲ. ರೇಡ್ 5 ತಡ್ಕೊಳ್ಳೋದು ಒಂದೇ ಡಿಸ್ಕ್ ಹೋದ್ರೆ, ಎರಡು ಹೋದ್ಮೇಲೆ ಡೇಟಾನೂ ಹೋಯ್ತು. ಕೊನೇ ಬ್ಯಾಕಪ್ ಆದ್ಮೇಲಿನ ಅಡಿಕೆ ಮಾರಾಟದ ಪಟ್ಟಿಗಳನ್ನೆಲ್ಲಾ ಕಾಗದದ ಕಾಪಿ ನೋಡಿ ಮತ್ತೆ ಎಂಟ್ರಿ ಹೊಡಿಬೇಕಾಯ್ತು, ದುಡ್ಡಿಗೆ ಕಾಯ್ತಿದ್ದ ಬೆಳೆಗಾರರು ಕೌಂಟರ್ ಮುಂದೆ ನಿಂತಿದ್ರು.

ಅದಕ್ಕೇ ಹೇಳ್ತೀನಿ, ಟೂಲ್ ಹುಡುಕೋದು ಬಿಡಿ. ಎರಡು ಸರ್ವರಿಗೆ ಝ್ಯಾಬಿಕ್ಸ್ ಅನ್ನೋ ಫ್ರೀ ಮಾನಿಟರಿಂಗ್ ಟೂಲ್ ಕಟ್ತಾ ಕೂತ್ಕೊಂಡ್ರೆ ಅದನ್ನ ನೋಡ್ಕೊಳ್ಳೋದೇ ಮೂರನೇ ಕೆಲಸ ಆಗತ್ತೆ. ಆಗ ಹೇಳಿದ ಮ್ಯಾನೇಜ್ಮೆಂಟ್ ಚಿಪ್ಪಿನ ಹೆಸರು ಡೆಲ್ ಆದ್ರೆ ಐಡ್ರ್ಯಾಕ್, ಎಚ್‌ಪಿ ಆದ್ರೆ ಐಎಲ್‌ಒ, ಮೊದ್ಲು ಅದಕ್ಕೆ ಕೇಬಲ್ ಹಾಕಿ, ಡಿಸ್ಕ್, ಫ್ಯಾನ್, ಪವರ್ ಸಪ್ಲೈ ಅಲರ್ಟ್ ಮೇಲ್ ಆನ್ ಮಾಡಿ, ಟೆಸ್ಟ್ ಮೇಲ್ ಕಳ್ಸಿ ನಿಮ್ಮ ಫೋನಿಗೆ ಬಂತಾ ನೋಡಿ. ವಿಂಡೋಸಲ್ಲಿ ಫಿಲ್ಟರಿಗೆ ವಾರ್ನಿಂಗ್ ಸೇರಿಸಿ. ಸಿಸ್ಟಮ್ ಲಾಗ್ ಸುಮ್ನೆ ಬಿಟ್ರೆ 20 ಎಂಬಿ ಆದ್ಮೇಲೆ ಹಳೇದನ್ನ ಅಳಿಸ್ತಾ ಹೋಗತ್ತೆ, ಸೈಜ್ ಜಾಸ್ತಿ ಮಾಡಿ. ಆಮೇಲೆ 129, 153, 52ಕ್ಕೆ ಟಾಸ್ಕ್ ಶೆಡ್ಯೂಲರಲ್ಲಿ ಟಾಸ್ಕ್ ಕಟ್ಟಿ, ಅದ್ರಲ್ಲಿರೋ ಇಮೇಲ್ ಆಪ್ಷನ್ನನ್ನ ಮೈಕ್ರೋಸಾಫ್ಟ್ ಕೈಬಿಟ್ಟಿದೆ, ಸಣ್ಣ ಪವರ್‌ಶೆಲ್ ಸ್ಕ್ರಿಪ್ಟೇ ಬರಿಬೇಕು. ಸ್ಕ್ರಿಪ್ಟ್ ಓಡತ್ತಾ ಅಂತ ನೋಡೋಕೆ ಇವೆಂಟ್‌ಕ್ರಿಯೇಟ್ ಕಮಾಂಡಲ್ಲಿ ಸುಳ್ಳು ವಾರ್ನಿಂಗ್ ಒಂದು ಹಾಕಿ, ಅದಕ್ಕೂ ಒಂದು ಟಾಸ್ಕ್ ಕಟ್ಟಿ ನೋಡಿ, ಐಡಿ 1ರಿಂದ 1000ದ ಒಳಗಿರ್ಬೇಕು.

ಯುಪಿಎಸ್ ಬ್ಯಾಟರಿ ಮಳೆಗಾಲಕ್ಕೆ ಮೊದ್ಲೇ ಬದಲಾಯಿಸಿ, 41 ಬರೋದು ನಿಂತ್ರೆ ಬಾಕಿದು ಕಣ್ಣಿಗೆ ಬೀಳತ್ತೆ.