ಹೈಬ್ರಿಡ್ ಸೈಕಲ್‌ಗೆ ಡ್ರಾಪ್ ಹ್ಯಾಂಡಲ್ ಹಾಕಿಸಬಹುದಾ?

ರೇಸ್ ಸೈಕಲ್ ತರ ಕೆಳಕ್ಕೆ ಬಾಗಿರೋ ಆ ಹ್ಯಾಂಡಲ್ ಹಾಕಿಸಬಹುದು, ಆದ್ರೆ ಹ್ಯಾಂಡಲ್ ಒಂದು ಬದಲಾಯಿಸಿದ್ರೆ ಮುಗೀತು ಅಂದ್ಕೋಬೇಡಿ. ಈಗಿರೋ ಫ್ಲಾಟ್ ಬಾರ್ (ನೇರ ಹ್ಯಾಂಡಲ್) ಹಿಡಿಯೋ ಕಡೆ 22.2 ಎಂಎಂ ದಪ್ಪ, ಡ್ರಾಪ್ ಬಾರ್ 23.8, ಹಾಗಾಗಿ ಈಗಿರೋ ಬ್ರೇಕ್ ಲಿವರ್, ಶಿಫ್ಟರ್ (ಗೇರ್ ಬದಲಿಸೋದು) ಎರಡೂ ಅದಕ್ಕೆ ಕೂರಲ್ಲ, ಹೊಸದೇ ತಗೋಬೇಕು.

ದೊಡ್ಡ ತಲೆನೋವು ಬ್ರೇಕ್‌ದು. ವಿ-ಬ್ರೇಕ್‌ಗೆ (ಎರಡು ಉದ್ದ ತೋಳು ಚಕ್ರದ ರಿಮ್ ಹಿಡಿಯೋ ಬ್ರೇಕು) ಕೇಬಲ್ ಜಾಸ್ತಿ ಎಳೀಬೇಕು, ಮಾಮೂಲಿ ರೋಡ್ ಬೈಕ್ ಲಿವರ್ ಅಷ್ಟು ಎಳೆಯಲ್ಲ. ನಾನು ಗೊತ್ತಿಲ್ದೆ ಹಂಗೇ ಹಾಕಿಸ್ಕೊಂಡು ಮುಳ್ಳಯ್ಯನಗಿರಿ ಕಡೆಯಿಂದ ಕೈಮರಕ್ಕೆ ಇಳೀತಿದ್ದಾಗ ಲಿವರ್ ಪೂರ್ತಿ ಹ್ಯಾಂಡಲ್‌ಗೆ ತಾಗಿದ್ರೂ ಸೈಕಲ್ಲು ನಿಲ್ತಾನೇ ಇಲ್ಲ, ಕೊನೆಗೆ ತಿರುವಲ್ಲಿ ಕಾಲು ಉಜ್ಜಿ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಸಿದೆ, ಶೂ ತಳ ಕಿತ್ತು ಬಂತು. ಟೆಕ್ಟ್ರೋ ಆರ್‌ಎಲ್520 ತರದ ಲಾಂಗ್ ಪುಲ್ (ಕೇಬಲ್ ಜಾಸ್ತಿ ಎಳೆಯೋ) ಲಿವರೇ ಬೇಕು ಅಂತ ಅಂಗಡೀಲಿ ಕೇಳಿ ತಗೊಳ್ಳಿ. ಹೈಡ್ರಾಲಿಕ್ ಡಿಸ್ಕ್ (ಕೇಬಲ್ ಬದಲು ಎಣ್ಣೆಯಿಂದ ಹಿಡಿಯೋ) ಬ್ರೇಕ್ ಆಗಿದ್ರೆ ಬಿಟ್ಬಿಡಿ, ಖರ್ಚು ವಿಪರೀತ.

ಹೈಬ್ರಿಡ್ ಫ್ರೇಮ್ ಮೊದ್ಲೇ ಉದ್ದ, ಡ್ರಾಪ್ ಬಾರ್ ಕೈನ ಇನ್ನೂ ಮುಂದಕ್ಕೆ ಎಳೆಯುತ್ತೆ, ಗಿಡ್ಡ ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ಮುಂದಿನ ತುಂಡು) ಹಾಕದಿದ್ರೆ ಬೆನ್ನು, ಭುಜ ಹಿಡ್ಕೊಳುತ್ತೆ.

ಕೈ ಜೋಮು ಹಿಡಿಯೋದಷ್ಟೇ ತೊಂದ್ರೆ ಆಗಿದ್ರೆ ಮೊದ್ಲು ನೇರ ಹ್ಯಾಂಡಲ್ ತುದೀಗೆ ಬಾರ್ ಎಂಡ್ (ಕೊಂಬಿನ ತರದ ಹಿಡಿ) ಹಾಕ್ಸಿ ನೋಡಿ, ನಾನೀಗ ಅದ್ರಲ್ಲೇ ಚಿಕ್ಕಮಗಳೂರಿಂದ ಬೇಲೂರಿಗೆ ಆರಾಮಾಗಿ ಹೋಗಿಬರ್ತೀನಿ.